ಟೈಟಾನಿಕ್ ನಾಯಿಗಳ ಕಥೆಯನ್ನು ಮಕ್ಕಳಿಗೆ ಹೇಳುವುದು ಹೇಗೆ

ಶನಿವಾರ ಸಂಜೆ ನಮ್ಮ ಬೀದಿಯ ಮಕ್ಕಳು ನಮ್ಮನೆ ಜಗಲಿಗೆ ಬರುತ್ತಾರೆ. ನಾನು ಮೂವತ್ತು ವರ್ಷ ಟೀಚರ್ ಆಗಿದ್ದವಳು. ರಿಟೈರ್ ಆದ ಮೇಲೆ ಸುಮ್ನೆ ಕೂರಲಾಗದೆ ಕಥೆ ಹೇಳಲು ಶುರು ಮಾಡಿದೆ. ಮಕ್ಕಳು ಮಂಡಕ್ಕಿ ತಿನ್ನುತ್ತಾ ಕೇಳುತ್ತಾರೆ. ನಮ್ಮ ನಾಯಿ ಕೆಂಚ ಅವರ ಮಧ್ಯೆಯೇ ಮಲಗಿರುತ್ತಾನೆ. ಅವನಿಗೆ ಕಥೆ ಬೇಡ, ಕೆಳಗೆ ಬೀಳುವ ಮಂಡಕ್ಕಿ ಬೇಕು.

ಇವರು ಮತ್ತೆ ಮತ್ತೆ ಕೇಳುವ ಕಥೆ ಒಂದೇ. ‘ಮುಳುಗಿದ ಹಡಗಿನ ನಾಯಿ ಕಥೆ ಹೇಳಿ ಟೀಚರ್.’ ಈಚೆಗೆ ಒಂದಿಬ್ಬರು ತಾಯಂದಿರು, ‘ಮನೆಯಲ್ಲಿ ನಾವು ಹೇಳಲು ಹೋದರೆ ಮಗು ಅತ್ತುಬಿಡುತ್ತೆ, ನೀವು ಹೇಗೆ ಹೇಳ್ತೀರಿ?’ ಎಂದು ಕೇಳಿದರು. ನಾನು ಹೇಳುವ ರೀತಿಯನ್ನು ಅವರಿಗೋಸ್ಕರ ಇಲ್ಲಿ ಬರೆದಿದ್ದೇನೆ.

ಎಂಟು ವರ್ಷಕ್ಕಿಂತ ಚಿಕ್ಕವರಿಗೆ ಈ ಕಥೆ ಬೇಡ. ಮುಕ್ಕಾಲು ಗಂಟೆ ಬೇಕಾಗುತ್ತದೆ. 65 ಹುಣಸೆ ಬೀಜ, ಒಂದು ಸೀಮೆಸುಣ್ಣ, ಒಂದು ಬೋಗುಣಿ ನೀರು, ಫ್ರಿಜ್ಜಿನ ಎರಡು ಟ್ರೇ ಐಸು, ಒಂದು ಹಳೇ ಟವೆಲ್ಲು, ಎರಡು ಪ್ಯಾಕೆಟ್ ಬಿಸ್ಕತ್ತು ಹೊಂದಿಸಿಕೊಳ್ಳಿ. ಚೌಕಾಬಾರ ಆಡುವ ಮನೆಯಾದರೆ ಹುಣಸೆ ಬೀಜ ಹುಡುಕಬೇಕಾಗಿಲ್ಲ.

ಮೊದಲು ‘ಅಂತೆ’ಗಳನ್ನು ಆರಿಸಿ

ಅಕ್ಕಿ ಆರಿಸಿದ ಹಾಗೆ ಈ ಕಥೆಯನ್ನೂ ಆರಿಸಬೇಕು, ಕಲ್ಲು ಬಹಳ ಇದೆ.

ನಾನೇ ವರ್ಷಗಟ್ಟಲೆ ಒಂದು ದೊಡ್ಡ ಕಲ್ಲನ್ನು ಬಡಿಸಿದ್ದೇನೆ. ರೈಜೆಲ್ ಎಂಬ ಕಪ್ಪು ನ್ಯೂಫೌಂಡ್‌ಲ್ಯಾಂಡ್ ನಾಯಿಯ ಕಥೆ ಅದು. ಹಡಗಿನ ಫಸ್ಟ್ ಆಫೀಸರ್ ವಿಲಿಯಂ ಮರ್ಡಾಕ್ ಅವರ ನಾಯಿಯಂತೆ. ಒಡೆಯ ಮುಳುಗಿದ ಮೇಲೂ ಗಂಟೆಗಟ್ಟಲೆ ಈಜಿತಂತೆ. ರಕ್ಷಣೆಗೆ ಬಂದ ಕಾರ್ಪೇಥಿಯಾ ಹಡಗು ಇನ್ನೇನು ಒಂದು ದೋಣಿಯ ಮೇಲೆ ಹಾಯಬೇಕು ಅನ್ನುವಾಗ ಬೊಗಳಿ ಎಚ್ಚರಿಸಿತಂತೆ. ನಾನು ಇದನ್ನು ಬೊಗಳುವ ಸದ್ದಿನ ಸಮೇತ ಹೇಳುತ್ತಿದ್ದೆ. ಒಂದು ದಿನ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: ‘ಟೀಚರ್, ಅಷ್ಟು ಹೊತ್ತು ಐಸ್ ನೀರಲ್ಲಿ ನಾಯಿ ಬದುಕಿರುತ್ತಾ? ದೋಣಿಯಲ್ಲಿದ್ದವರು ಯಾರಾದ್ರೂ ಅದನ್ನ ನೋಡಿದ್ರಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಕೂತು ಓದಿದೆ. 1912ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಇದನ್ನು ಛಾಪಿಸಿದ್ದು ನಿಜ. ಆದರೆ ಆ ದೋಣಿಯಲ್ಲಿ ಬದುಕಿ ಬಂದವರ ಹೇಳಿಕೆಗಳಲ್ಲಿ ಇಂಥ ನಾಯಿಯ ಸುಳಿವೇ ಇಲ್ಲ. ಮುಂದಿನ ಶನಿವಾರ ಮಕ್ಕಳ ಎದುರು ‘ನಾನು ಹೇಳಿದ್ದು ತಪ್ಪು’ ಎಂದು ಒಪ್ಪಿಕೊಂಡೆ. ಆ ಹುಡುಗಿ ಅವತ್ತು ಮಂಡಕ್ಕಿ ಜಾಸ್ತಿ ತಿಂದಳು.

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ಗೊತ್ತಿರುವುದಕ್ಕೆ ‘ಇತ್ತು’ ಅನ್ನುತ್ತೇವೆ, ಕೇಳಿದ್ದಕ್ಕೆ ‘ಇತ್ತಂತೆ’. ಕಥೆ ಹೇಳುವಾಗ ಈ ಎರಡನ್ನೂ ಬೇರೆ ಬೇರೆ ದನಿಯಲ್ಲಿ ಹೇಳಿ. ಮಕ್ಕಳಿಗೆ ಎರಡೇ ಶನಿವಾರದಲ್ಲಿ ಅಭ್ಯಾಸವಾಗುತ್ತದೆ. ನಮ್ಮ ಮಕ್ಕಳು ಈಗ ‘ಟೀಚರ್, ಇದು ಇತ್ತಾ, ಇತ್ತಂತಾ?’ ಎಂದು ತಡೆದೇ ಕೇಳುತ್ತಾರೆ.

ಸೋಮವಾರ ಬೆಳಿಗ್ಗೆ ಹಡಗಿನಲ್ಲಿ ನಾಯಿಗಳ ಪ್ರದರ್ಶನ ನಡೆಯುವುದಿತ್ತಂತೆ. ಇದನ್ನು ಅಂತೆ ಸೇರಿಸಿಯೇ ಹೇಳಿ. ಕೋಟ್ಯಧಿಪತಿ ಜಾನ್ ಜೇಕಬ್ ಆಸ್ಟರ್ ಕೊನೆ ಗಳಿಗೆಯಲ್ಲಿ ನಾಯಿಗೂಡುಗಳ ಬಾಗಿಲು ತೆಗೆದರಂತೆ. ಇದೂ ಅಂತೆಯೇ. ಆದರೆ ಆಸ್ಟರ್ ಅವರಿಗೆ ಕಿಟ್ಟಿ ಎಂಬ ಏರ್‌ಡೇಲ್ ನಾಯಿ ಇತ್ತು. ಅವರೂ ಕಿಟ್ಟಿಯೂ ಬದುಕಲಿಲ್ಲ. ಬಸುರಿಯಾಗಿದ್ದ ಹೆಂಡತಿ ಮ್ಯಾಡಲಿನ್ ದೋಣಿಯಲ್ಲಿ ಪಾರಾದರು. ಇದಕ್ಕೆ ಅಂತೆ ಬೇಡ.

ಆ್ಯನ್ ಐಶಮ್ ಎಂಬ ಹೆಂಗಸಿನ ಕಥೆ ಇನ್ನೂ ಎಚ್ಚರಿಕೆ ಕೇಳುತ್ತದೆ. ತನ್ನ ಗ್ರೇಟ್ ಡೇನ್ ನಾಯಿಯನ್ನು ದೋಣಿಗೆ ಬಿಡಲಿಲ್ಲವೆಂದು ಆಕೆ ದೋಣಿಯಿಂದ ಇಳಿದುಬಿಟ್ಟರಂತೆ. ಫೋನಿನಲ್ಲಿ ಬರುವುದೆಲ್ಲ ಇದೇ ಕಥೆ. ಆಕೆ ಮೊದಲ ದರ್ಜೆಯ ಪ್ರಯಾಣಿಕರು, ಅಂದು ತೀರಿಕೊಂಡರು, ಅವರ ದೇಹ ಸಿಕ್ಕಿದ ಗುರುತಿಲ್ಲ. ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟೇ. ಕೆಲವು ದಿನಗಳ ನಂತರ ಬ್ರೆಮೆನ್ ಎಂಬ ಜರ್ಮನ್ ಹಡಗು ಅದೇ ದಾರಿಯಲ್ಲಿ ಹೋಯಿತು. ಅದರಲ್ಲಿದ್ದ ಒಬ್ಬ ಪ್ರಯಾಣಿಕೆ, ನಾಯಿಯನ್ನು ತಬ್ಬಿಕೊಂಡೇ ತೇಲುತ್ತಿದ್ದ ಹೆಂಗಸಿನ ದೇಹ ಕಂಡೆವು ಎಂದು ಹೇಳಿದ್ದರು. ಜನ ಆ ದೇಹಕ್ಕೆ ಈ ಹೆಸರು ಅಂಟಿಸಿದರು. ಚಿಕ್ಕವರಿಗೆ ನಾನು ಇದನ್ನು ಹೇಳುವುದೇ ಇಲ್ಲ. ಹೈಸ್ಕೂಲಿನವರು ಕೇಳಿದರೆ ಎರಡನ್ನೂ ಬೇರೆ ಬೇರೆಯಾಗಿ ಹೇಳುತ್ತೇನೆ.

ಕಥೆಯನ್ನು ಕೋಳಿಯಿಂದ ಶುರು ಮಾಡಿ

ಹಿಮಗಡ್ಡೆಯಿಂದ ಶುರು ಮಾಡಿದರೆ ಮಕ್ಕಳು ಮೊದಲ ನಿಮಿಷಕ್ಕೇ ಹೆದರಿ ಕೂರುತ್ತಾರೆ. ಆಮೇಲೆ ಏನೂ ತಲೆಗೆ ಹೋಗುವುದಿಲ್ಲ. ಹಡಗು ತೇಲುತ್ತಿದ್ದಾಗಿನ ದಿನಗಳಿಂದ ಶುರು ಮಾಡಿ.

1912ರ ಏಪ್ರಿಲ್ 10ರಂದು ಹಡಗು ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಹೊರಟಿತು. ಫ್ರಾನ್ಸ್ ಮತ್ತು ಐರ್ಲೆಂಡಿನಲ್ಲಿ ನಿಂತು, ನ್ಯೂಯಾರ್ಕ್ ಕಡೆ ತಿರುಗಿತು. ಅದರಲ್ಲಿ ಸುಮಾರು ಒಂದು ಡಜನ್ ನಾಯಿಗಳಿದ್ದವು. ದೊಡ್ಡ ನಾಯಿಗಳಿಗೆ ಗೂಡುಗಳಿದ್ದವು, ಕೆಲಸದವರು ಅವುಗಳನ್ನು ಡೆಕ್ ಮೇಲೆ ಸುತ್ತಾಡಿಸುತ್ತಿದ್ದರು. ಕೆಲವರು ಪುಟ್ಟ ನಾಯಿಗಳನ್ನು ತಮ್ಮ ಕೋಣೆಯಲ್ಲೇ ಇಟ್ಟುಕೊಂಡಿದ್ದರು. ಈ ಒಂದು ವಾಕ್ಯವನ್ನು ನಿಧಾನವಾಗಿ, ಎರಡು ಸಲ ಹೇಳಿ. ಮುಂದೆ ಯಾವ ನಾಯಿ ಉಳಿಯಿತು, ಯಾವುದು ಉಳಿಯಲಿಲ್ಲ ಅನ್ನುವುದು ಬಹುಪಾಲು ಇದರ ಮೇಲೇ ನಿಂತಿದೆ.

ಆಮೇಲೆ ಕೋಳಿ. ಎಲಾ ವೈಟ್ ಎಂಬ ಶ್ರೀಮಂತೆ ಫ್ರಾನ್ಸಿನಿಂದ ಕೋಳಿಗಳನ್ನು ತರುತ್ತಿದ್ದರು. ಅವರ ಜೊತೆಗಿದ್ದ ಮೇರಿ ಯಂಗ್ ಪಿಯಾನೋ ಕಲಿಸುವವರು. ದಿನಾ ಕೆಳಗಿಳಿದು ಕೋಳಿಗಳನ್ನು ನೋಡಿಕೊಂಡು ಬರುವ ಕೆಲಸ ಇವರದು. ಕರೆದುಕೊಂಡು ಹೋಗುತ್ತಿದ್ದವರು ಹಡಗಿನ ಬಡಗಿ ಜಾನ್ ಹಚಿನ್ಸನ್. ಮೇರಿ ಅವರಿಗೆ ಚಿನ್ನದ ನಾಣ್ಯ ಕೊಟ್ಟರು. ಮೊದಲ ಯಾನದಲ್ಲಿ ಚಿನ್ನ ಸಿಕ್ಕಿದರೆ ಬಹಳ ಶುಭ ಎಂದು ಹಚಿನ್ಸನ್ ಖುಷಿಪಟ್ಟರು. ಮೇರಿ ಬದುಕಿ ಬಂದು ಇದನ್ನು ಬರೆದಿಟ್ಟರು. ಹಚಿನ್ಸನ್ ಬರಲಿಲ್ಲ.

ಕೋಳಿ ಬಂದ ಕೂಡಲೇ ನಮ್ಮ ಮಕ್ಕಳು ನಗುತ್ತಾರೆ. ನಗಲಿ ಬಿಡಿ. ಹಚಿನ್ಸನ್ ಹೆಸರು ಅವರಿಗೆ ನೆನಪಿರುತ್ತದೆ.

ಪೆಕಿನೀಸ್ ಎಂಬ ಚೀನೀ ತಳಿಯ ಪುಟ್ಟ ನಾಯಿಯೊಂದರ ಹೆಸರನ್ನೂ ಇಲ್ಲೇ ಹೇಳಿಬಿಡಿ. ನ್ಯೂಯಾರ್ಕಿನ ಪುಸ್ತಕ ಪ್ರಕಾಶಕರ ಮನೆತನದ ಹೆನ್ರಿ ಹಾರ್ಪರ್ ತಮ್ಮ ನಾಯಿಗೆ ಸನ್ ಯಾತ್ ಸೆನ್ ಎಂದು ಹೆಸರಿಟ್ಟಿದ್ದರು. ಆ ವರ್ಷ ಜನವರಿಯಲ್ಲಷ್ಟೇ ಚೀನಾ ಗಣರಾಜ್ಯವಾಗಿತ್ತು. ಅದರ ಮೊದಲ ಹಂಗಾಮಿ ಅಧ್ಯಕ್ಷರ ಹೆಸರು ಅದು. ಅಧ್ಯಕ್ಷರ ಹೆಸರನ್ನು ನಾಯಿಗೆ ಇಡಬಹುದಾ ಅನ್ನುವ ಚರ್ಚೆ ನಮ್ಮ ಜಗಲಿಯಲ್ಲಿ ಒಮ್ಮೆ ಹತ್ತು ನಿಮಿಷ ನಡೆಯಿತು. ಇಂಥ ಚರ್ಚೆಯನ್ನು ತಡೆಯಬೇಡಿ.

ಬೋಗುಣಿ ನೀರು

ಈಗ ಏಪ್ರಿಲ್ 14, ಭಾನುವಾರ. ರಾತ್ರಿ 11:40ಕ್ಕೆ ಹಿಮಗಡ್ಡೆ ತಗುಲಿತು. 2:20ಕ್ಕೆ ಹಡಗು ಪೂರ್ತಿ ಮುಳುಗಿತು. ಎಷ್ಟು ಹೊತ್ತಾಯಿತು ಎಂದು ಮಕ್ಕಳೇ ಲೆಕ್ಕ ಹಾಕಲಿ. 2 ಗಂಟೆ 40 ನಿಮಿಷ. ‘ಅಷ್ಟು ಹೊತ್ತಿತ್ತಾ!’ ಎಂದು ಒಬ್ಬರಾದರೂ ಅನ್ನುತ್ತಾರೆ. ಎಲ್ಲ ಒಂದೇ ಕ್ಷಣದಲ್ಲಿ ಆಗಿಹೋಯಿತು ಅನ್ನುವುದು ಅವರ ಕಲ್ಪನೆ.

ಐಸನ್ನು ಬೋಗುಣಿಗೆ ಸುರಿದು, ಹತ್ತು ನಿಮಿಷ ಬಿಟ್ಟು, ಒಬ್ಬೊಬ್ಬರೇ ಬೆರಳು ಅದ್ದಲಿ. ಇಪ್ಪತ್ತು ಎಣಿಸಿ ನಿಲ್ಲಿಸಿಬಿಡಿ, ಜಾಸ್ತಿ ಬೇಡ. ಗಂಡುಮಕ್ಕಳು ಪಂಥ ಕಟ್ಟಲು ಶುರು ಮಾಡಿದರೆ ಬೋಗುಣಿ ಎತ್ತಿಡಿ. ಸಮುದ್ರದ ನೀರು ಉಪ್ಪಾದ್ದರಿಂದ ಸೊನ್ನೆಗಿಂತ ಕೆಳಗಿಳಿದರೂ ಗಟ್ಟಿಯಾಗುವುದಿಲ್ಲ. ಅವತ್ತು ಅಲ್ಲಿನ ನೀರು ಸುಮಾರು ಮೈನಸ್ 2 ಡಿಗ್ರಿ, ನಮ್ಮ ಬೋಗುಣಿಗಿಂತಲೂ ತಣ್ಣಗೆ. ನೀರಿಗೆ ಬಿದ್ದವರಲ್ಲಿ ಹೆಚ್ಚಿನವರನ್ನು ಕೊಂದದ್ದು ಈ ಚಳಿ. ಇಷ್ಟು ಮಾಡಿದರೆ ರೈಜೆಲ್ ಕಥೆ ಯಾಕೆ ಸುಳ್ಳಿರಬೇಕು ಎಂದು ನೀವು ವಿವರಿಸಬೇಕಾಗಿಲ್ಲ.

ಏಳನೇ ದೋಣಿ

ಇಡೀ ಕಥೆಯ ಜೀವ ಇಲ್ಲಿದೆ. ಬೇರೆಲ್ಲ ಮರೆತರೂ ಇದೊಂದನ್ನು ಸರಿಯಾಗಿ ಹೇಳಿ.

ಸೀಮೆಸುಣ್ಣದಲ್ಲಿ ನೆಲದ ಮೇಲೆ ಉದ್ದನೆಯ ದೋಣಿ ಬರೆಯಿರಿ. 65 ಹುಣಸೆ ಬೀಜ ಎಣಿಸಿ ಒಳಗೆ ಹರಡಲು ಮಕ್ಕಳಿಗೆ ಹೇಳಿ. ಆ ದೋಣಿಯಲ್ಲಿ ಅಷ್ಟು ಜನಕ್ಕೆ ಜಾಗ ಇತ್ತು. ನಂಬರ್ ಏಳಾದರೂ ಹಡಗಿನಿಂದ ಎಲ್ಲಕ್ಕಿಂತ ಮೊದಲು ಇಳಿದ ದೋಣಿ ಅದು, ರಾತ್ರಿ 12:40ರ ಹೊತ್ತಿಗೆ. ಇಷ್ಟು ದೊಡ್ಡ ಹಡಗು ಮುಳುಗುತ್ತದೆ ಎಂದು ಆಗಿನ್ನೂ ಹೆಚ್ಚಿನ ಪ್ರಯಾಣಿಕರು ನಂಬಿರಲಿಲ್ಲ. ಬೆಚ್ಚಗಿನ ಹಡಗು ಬಿಟ್ಟು ಕತ್ತಲ ಸಮುದ್ರದಲ್ಲಿ ತೂಗಾಡುವ ದೋಣಿ ಹತ್ತಲು ಜನ ಹಿಂದೆಮುಂದೆ ನೋಡಿದರು.

ಮಾರ್ಗರೆಟ್ ಹೇಸ್ ಎಂಬ ಇಪ್ಪತ್ತನಾಲ್ಕರ ಯುವತಿ ಬಂದರು. ತೋಳಿನಲ್ಲಿ ಕಂಬಳಿ ಸುತ್ತಿದ ಪೊಮೆರೇನಿಯನ್ ನಾಯಿ ಇತ್ತು. ಇಲ್ಲಿ ಟವೆಲ್ಲು ತೆಗೆದುಕೊಂಡು ಮಗುವಿನ ಹಾಗೆ ಸುತ್ತಿ ತೋರಿಸಿ. ಪ್ರಯಾಣಿಕರೊಬ್ಬರು ಇದನ್ನು ನೋಡಿ, ನಾಯಿಗೂ ಒಂದು ಲೈಫ್ ಜಾಕೆಟ್ ತೊಡಿಸಬೇಕಿತ್ತು ಎಂಬಂತೆ ತಮಾಷೆ ಮಾಡಿದರು. ತಮಾಷೆ ಮಾಡುವಷ್ಟು ನಿರಾಳವಾಗಿದ್ದರು ಜನ. ಮಾರ್ಗರೆಟ್ ನಾಯಿ ಸಮೇತ ಏಳನೇ ದೋಣಿ ಹತ್ತಿದರು.

ಅದೇ ದೋಣಿಗೆ ಹೆಲೆನ್ ಬಿಷಪ್ ಬಂದರು. ವಯಸ್ಸು ಹತ್ತೊಂಬತ್ತು. ಹೊಸದಾಗಿ ಮದುವೆಯಾಗಿ, ಗಂಡನ ಜೊತೆ ಊರೂರು ಸುತ್ತಿ ಮನೆಗೆ ವಾಪಸ್ ಹೊರಟಿದ್ದವರು. ಅವರದೂ ಪುಟ್ಟ ನಾಯಿಯೇ, ಹೆಸರು ಫ್ರೂಫ್ರೂ. ಕೋಣೆಯಲ್ಲೇ ಇರುತ್ತಿತ್ತು. ಹೆಲೆನ್ ಅದನ್ನು ಬಿಟ್ಟು ಬಂದರು. ಹೆಂಗಸರು ಮಕ್ಕಳು ಜೀವ ಉಳಿಸಿಕೊಳ್ಳಬೇಕಾದ ಹೊತ್ತಿನಲ್ಲಿ ನಾಯಿ ಎತ್ತಿಕೊಂಡು ಬಂದವಳನ್ನು ಜನ ಏನಂದುಕೊಂಡಾರು ಅನ್ನುವುದು ಅವರ ಅಂಜಿಕೆ. ಹೊರಡುವಾಗ ಫ್ರೂಫ್ರೂ ಅವರ ಬಟ್ಟೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಿತು. ಬಿಡಲಿಲ್ಲ. ಹೊಲಿಗೆ ಬಿಚ್ಚಿಕೊಳ್ಳುವವರೆಗೂ ಎಳೆಯಿತು. ಬದುಕಿ ಬಂದ ಮೇಲೆ ಹೆಲೆನ್ ಇದನ್ನು ಸ್ವತಃ ಹೇಳಿದರು.

ನಾನು ಇಲ್ಲಿ ನನ್ನ ಸೆರಗಿನ ತುದಿ ಹಿಡಿದು ಮೆಲ್ಲಗೆ ಜಗ್ಗುತ್ತೇನೆ, ಮಾತಾಡುವುದಿಲ್ಲ. ಮಕ್ಕಳೂ ಮಾತಾಡುವುದಿಲ್ಲ. ಕೆಂಚನಿಗೆ ಮಾತ್ರ ಇದೆಲ್ಲ ತಿಳಿಯದು, ಸರಿಯಾಗಿ ಆಗಲೇ ಕಿವಿ ಕೆರೆದುಕೊಳ್ಳಲು ಶುರು ಮಾಡುತ್ತಾನೆ.

ಆಮೇಲೆ ಬೀಜ ತೆಗೆಸಿ. ಆ ದೋಣಿಯಲ್ಲಿ ಹೋದದ್ದು 28ರ ಆಸುಪಾಸು ಜನ. ದೋಣಿಯಲ್ಲಿ 28 ಬೀಜ ಉಳಿಸಿ ಮಿಕ್ಕಿದ್ದನ್ನು ಪಕ್ಕಕ್ಕೆ ರಾಶಿ ಹಾಕಲಿ. 37 ಆಗುತ್ತದೆ. ನೆಲದ ಮೇಲಿನ ಆ ರಾಶಿಯನ್ನು ನೋಡುತ್ತಾ ಕೂರುತ್ತಾರೆ. ‘ಟೀಚರ್, ಫ್ರೂಫ್ರೂಗೆ ಜಾಗ ಇತ್ತಲ್ವಾ’ ಅನ್ನುತ್ತದೆ ಯಾವುದೋ ದನಿ. ಹೌದು, ಇತ್ತು. ಆದರೆ ಹೆಲೆನ್ ಕೋಣೆಯಲ್ಲಿ ನಿಂತಿದ್ದಾಗ ಈ ರಾಶಿ ಅವರಿಗೆ ಕಾಣುತ್ತಿರಲಿಲ್ಲ. ಇದನ್ನು ಹೇಳಲು ಮರೆಯಬೇಡಿ. ಇಲ್ಲದಿದ್ದರೆ ಮಕ್ಕಳು ಆ ಹುಡುಗಿಯನ್ನು ಕೆಟ್ಟವಳು ಮಾಡಿಬಿಡುತ್ತಾರೆ. ‘ಹೆಲೆನ್ ಕೆಟ್ಟವಳಾ?’ ಎಂದು ನೇರವಾಗಿ ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ‘ಕೆಟ್ಟವಳಾದರೆ ಬಟ್ಟೆಯ ಹೊಲಿಗೆ ಬಿಚ್ಚಿದ್ದನ್ನ ನೆನಪಿಟ್ಟುಕೊಂಡು ಹೇಳ್ತಿದ್ದಳಾ?’

ಇನ್ನೊಂದು ವಿಷಯ ಇದೆ, ಅದು ನನಗೆ ಹೊಳೆದದ್ದು ತಡವಾಗಿ. ಈ ಏಳನೇ ದೋಣಿಯನ್ನು ಇಳಿಸಿದ ಅಧಿಕಾರಿ ಯಾರು ಗೊತ್ತಾ? ಅದೇ ಮರ್ಡಾಕ್. ಹಾರ್ಪರ್ ದಂಪತಿ, ಅವರ ಸನ್ ಯಾತ್ ಸೆನ್, ಈಜಿಪ್ಟಿನಿಂದ ಜೊತೆಗೆ ಬಂದಿದ್ದ ದುಭಾಷಿ ಹಮ್ಮಾದ್ ಹಸಬ್ ಹೋದ ಮೂರನೇ ದೋಣಿಯೂ ಮರ್ಡಾಕ್ ನೋಡಿಕೊಂಡ ಕಡೆಯದೇ. ಅದರಲ್ಲೂ ಜಾಗ ಬೇಕಾದಷ್ಟಿತ್ತು, ಯಾರೂ ಬೇಡ ಅನ್ನಲಿಲ್ಲ ಎಂದು ಹಾರ್ಪರ್ ಆಮೇಲೆ ಹೇಳಿದರು. ಇಲ್ಲದ ನಾಯಿಯೊಂದನ್ನು ಮರ್ಡಾಕ್‌ಗೆ ಕೊಟ್ಟು ಲೋಕವೇ ಕಥೆ ಹೇಳಿತು, ನಾನೂ ಹೇಳಿದೆ. ಬದುಕುಳಿದ ಮೂರೇ ಮೂರು ನಾಯಿಗಳಲ್ಲಿ ಎರಡು ಅವರ ಕಣ್ಣೆದುರೇ ಇಳಿದುಹೋದದ್ದನ್ನು ಹೇಳುವವರು ಕಡಿಮೆ. ಮರ್ಡಾಕ್ ಅವತ್ತು ತೀರಿಕೊಂಡರು.

ಮೂರನೆಯದೂ ಪೊಮೆರೇನಿಯನ್. ಅದು ಎಲಿಜಬೆತ್ ರಾಥ್‌ಚೈಲ್ಡ್ ಅವರದು, ಆರನೇ ದೋಣಿ. ಬೆಳಗಾಗುವವರೆಗೂ ನಾಯಿ ಇರುವುದು ಯಾರಿಗೂ ತಿಳಿಯಲಿಲ್ಲವಂತೆ. ಗಂಡ ಮಾರ್ಟಿನ್ ಹಡಗಿನಲ್ಲೇ ಉಳಿದು ತೀರಿಕೊಂಡರು. ಇದಕ್ಕಿಂತ ಜಾಸ್ತಿ ನಾನು ಹೇಳುವುದಿಲ್ಲ.

ಮಾರ್ಗರೆಟ್ ಹೇಸ್ ಬಗ್ಗೆ ಮಾತ್ರ ಇನ್ನೊಂದು ಮಾತು ಹೇಳಿ, ಮಕ್ಕಳ ಮುಖ ಅರಳುತ್ತದೆ. ಬೇರೊಂದು ದೋಣಿಯಲ್ಲಿ ದೊಡ್ಡವರಿಲ್ಲದೆ ಪಾರಾದ ಇಬ್ಬರು ಫ್ರೆಂಚ್ ಹುಡುಗರಿದ್ದರು, ಮಿಶೆಲ್ ಮತ್ತು ಎಡ್ಮಂಡ್. ನಾಲ್ಕು ವರ್ಷ ತುಂಬದ ಒಬ್ಬ, ಎರಡು ವರ್ಷದ ಇನ್ನೊಬ್ಬ. ಅಪ್ಪ ಮುಳುಗಿದ್ದರು, ಹುಡುಗರಿಗೆ ಇಂಗ್ಲಿಷ್ ಬಾರದು. ಮಾರ್ಗರೆಟ್‌ಗೆ ಫ್ರೆಂಚ್ ಬರುತ್ತಿತ್ತು. ಅವರನ್ನು ನ್ಯೂಯಾರ್ಕಿನ ತಮ್ಮ ಮನೆಗೆ ಕರೆದುಕೊಂಡು ಹೋದರು. ಪತ್ರಿಕೆಯಲ್ಲಿ ಸುದ್ದಿ ಕಂಡು ತಾಯಿ ಫ್ರಾನ್ಸಿನಿಂದ ಬರುವವರೆಗೂ ನೋಡಿಕೊಂಡರು. ಆ ಮನೆಯಲ್ಲಿ ಪೊಮೆರೇನಿಯನ್ ಕೂಡ ಇದ್ದಿರಬೇಕಲ್ವಾ ಎಂದು ಮಕ್ಕಳು ಚಿತ್ರ ಕಟ್ಟಿಕೊಳ್ಳುತ್ತಾರೆ.

ಗಾಮಿನ್

ಅಳುವ ಮಗು ಇದ್ದರೆ ಈ ಭಾಗವನ್ನು ಬಿಟ್ಟುಬಿಡಿ. ಗಾಮಿನ್ ಡಿ ಪೈಕೂಂಬ್ ಎಂಬುದು ಒಂದು ಫ್ರೆಂಚ್ ಬುಲ್‌ಡಾಗ್‌ನ ಹೆಸರು. ರಾಬರ್ಟ್ ಡೇನಿಯಲ್ ಅದನ್ನು ಇಂಗ್ಲೆಂಡಿನಲ್ಲಿ 150 ಪೌಂಡ್ ಕೊಟ್ಟು ಕೊಂಡಿದ್ದರು. ಹಡಗು ಮುಳುಗಿದ ಮೇಲೆ ನೀರಿನಲ್ಲಿದ್ದ ಇಪ್ಪತ್ತೊಂದು ವರ್ಷದ ನಾರಿಸ್ ವಿಲಿಯಮ್ಸ್‌ಗೆ ಒಂದು ಬುಲ್‌ಡಾಗ್ ಎದುರಿಗೇ ಈಜಿಕೊಂಡು ಹೋಗುವುದು ಕಂಡಿತು. ಆ ನಾಯಿ ಉಳಿಯಲಿಲ್ಲ. ವಿಲಿಯಮ್ಸ್ ಅರ್ಧ ಮುಳುಗಿದ ದೋಣಿಯೊಂದರಲ್ಲಿ ಗಂಟೆಗಟ್ಟಲೆ ಕಾಲು ನೀರಿನಲ್ಲಿಟ್ಟುಕೊಂಡೇ ನಿಂತರು. ಕಾಲು ಕತ್ತರಿಸಬೇಕು ಎಂದು ಡಾಕ್ಟರು ಹೇಳಿದರೂ ಒಪ್ಪಲಿಲ್ಲ. ಅದೇ ಕಾಲಿನಲ್ಲಿ ಆಡಿ 1914 ಮತ್ತು 1916ರಲ್ಲಿ ಅಮೆರಿಕದ ಟೆನಿಸ್ ಚಾಂಪಿಯನ್ ಆದರು.

ದೊಡ್ಡ ಮಕ್ಕಳಿಗೆ ಇಲ್ಲೊಂದು ಲೆಕ್ಕ ಕೊಡಬಹುದು. ಮೂರನೇ ದರ್ಜೆಯ ಟಿಕೆಟ್ಟಿಗೆ ಸುಮಾರು 7-8 ಪೌಂಡ್. ಗಾಮಿನ್ ಬೆಲೆಗೆ ಇಪ್ಪತ್ತು ಜನ ಅಮೆರಿಕ ತಲುಪಬಹುದಿತ್ತು. ಆಮೇಲೆ ಡೇನಿಯಲ್ ನಾಯಿಗೆ 750 ಡಾಲರ್ ಪರಿಹಾರ ಕೇಳಿದರು. ವಿಲಿಯಂ ಕಾರ್ಟರ್ ಎಂಬವರು ತಮ್ಮ ಎರಡು ನಾಯಿಗಳಿಗೆ 100 ಮತ್ತು 200, ಮುಳುಗಿದ ರೆನೋ ಕಾರಿಗೆ 5000 ಡಾಲರ್ ಕೇಳಿದರು. ಈ ಅಂಕಿಗಳನ್ನು ಬರೆದು ಸುಮ್ಮನಿರಿ. ಮಕ್ಕಳು ತಾವಾಗಿ ಮಾತಾಡುತ್ತಾರೆ.

ಬರುವ ಪ್ರಶ್ನೆಗಳು

‘ಮನುಷ್ಯರಿಗೇ ಜಾಗ ಇಲ್ಲದಾಗ ನಾಯಿನ ಯಾಕೆ ಹತ್ತಿಸ್ಕೊಂಡ್ರು?’ ಇದು ಬಂದೇ ಬರುತ್ತದೆ, ಬರಬೇಕು ಕೂಡ. ಹಡಗಿನಲ್ಲಿ ಸುಮಾರು 2200 ಜನ. 20 ದೋಣಿಗಳಲ್ಲಿ ಇದ್ದದ್ದು 1178 ಜನರಿಗೆ ಜಾಗ. ಬದುಕಿದ್ದು 700ಕ್ಕೆ ಸ್ವಲ್ಪ ಜಾಸ್ತಿ. ಮೂರನೇ ದರ್ಜೆಯ ಮಕ್ಕಳೇ 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಆ ಮಕ್ಕಳ ಜಾಗವನ್ನು ನಾಯಿ ಕಿತ್ತುಕೊಳ್ಳಲಿಲ್ಲ, ಖಾಲಿ ಹೋದ ಸೀಟು ನಾನೂರಕ್ಕೂ ಮೇಲಿತ್ತು. ಹಾಗಾದರೆ ಅವರನ್ನು ಯಾಕೆ ಹತ್ತಿಸಲಿಲ್ಲ? ಈ ಪ್ರಶ್ನೆಗೆ ಇನ್ನೊಂದು ಶನಿವಾರ ಇಡಿ. ಅವಸರದಲ್ಲಿ ಮುಗಿಸಬೇಡಿ. ನಾಯಿ ಕಥೆ ಹೇಳುವ ಭರದಲ್ಲಿ ಈ ಮಕ್ಕಳನ್ನು ಹೇಳದೆ ಬಿಟ್ಟರೆ ಕಥೆ ಹೇಳಿದ ಹಾಗಾಗಲಿಲ್ಲ.

‘ನಮ್ಮ ಕಡೆಯಿಂದ ಯಾರಾದ್ರೂ ಇದ್ರಾ?’ ಇದ್ದರು. ರೂತ್ ಬೆಕರ್ ಎಂಬ ಹನ್ನೆರಡು ವರ್ಷದ ಹುಡುಗಿ. ಅಪ್ಪ ಅಮ್ಮ ಅಮೆರಿಕದ ಮಿಷನರಿಗಳು, ಹುಟ್ಟಿದ್ದು ಆಂಧ್ರದ ಗುಂಟೂರಿನಲ್ಲಿ. ಪುಟ್ಟ ತಮ್ಮನಿಗೆ ಕಾಯಿಲೆಯೆಂದು ತಾಯಿ ಮೂವರು ಮಕ್ಕಳನ್ನು ಕರೆದುಕೊಂಡು ಹೊರಟಿದ್ದರು. ನಾಲ್ವರೂ ಬದುಕಿದರು. ರೂತ್ ದೊಡ್ಡವಳಾಗಿ ಟೀಚರ್ ಆದಳು. ಇದನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ. ಅವರ ಹತ್ತಿರ ನಾಯಿ ಇತ್ತಾ ಎಂದು ಕೇಳುತ್ತಾರೆ. ಇಲ್ಲ, ಅವರದು ಎರಡನೇ ದರ್ಜೆ. ಹೆಸರು ಗೊತ್ತಿರುವ ನಾಯಿಗಳೆಲ್ಲ ಮೊದಲ ದರ್ಜೆಯವರವು.

‘ನಮ್ಮನೇಲಿ ನೀರು ಬಂದ್ರೆ ನಾಯಿನ ಬಿಡ್ತೀವಾ ಅಮ್ಮಾ?’ ಇದಕ್ಕೆ ಉತ್ತರವನ್ನು ನೀವೇ ಯೋಚಿಸಿಟ್ಟುಕೊಳ್ಳಿ, ನಿಮ್ಮ ಮನೆಯದು ನನಗೆ ಗೊತ್ತಿಲ್ಲ. ನಮ್ಮ ಕೆಂಚ ಇಪ್ಪತ್ತೆರಡು ಕೆಜಿ ಇದ್ದಾನೆ. ನನಗೆ ಮಂಡಿನೋವು. ಮಕ್ಕಳಿಗೆ ಇದನ್ನು ಇದ್ದ ಹಾಗೇ ಹೇಳಿದೆ. ಅವತ್ತಿನಿಂದ ಎದುರುಮನೆ ಹುಡುಗ, ‘ನೀವು ಹೊರಡಿ ಟೀಚರ್, ಕೆಂಚನ್ನ ನಾನು ಎತ್ಕೋತೀನಿ’ ಅನ್ನುತ್ತಿದ್ದಾನೆ. ಅವನ ತೂಕವೇ ಇಪ್ಪತ್ತಾರು.

ಕಥೆ ಮುಗಿದ ಮೇಲೆ ‘ಏನು ಕಲಿತಿರಿ?’ ಎಂದು ಕೇಳಬೇಡಿ. ಬೀಜ ಎತ್ತಿಡಲು ಹೇಳಿ, ಬಿಸ್ಕತ್ತು ತೆಗೆಯಿರಿ. ಈ ಕಥೆ ಕೇಳಿದ ದಿನ ಪ್ರತಿಯೊಂದು ಮಗುವೂ ನಾಯಿಗೆ ತಾನೇ ತಿನ್ನಿಸಬೇಕು ಅನ್ನುತ್ತದೆ. ಅದಕ್ಕೇ ಎರಡು ಪ್ಯಾಕೆಟ್ ಅಂದದ್ದು, ಒಂದು ಸಾಲುವುದಿಲ್ಲ. ಚಾಕಲೇಟ್ ಕ್ರೀಮಿನದು ಬೇಡ, ನಾಯಿಗೆ ಚಾಕಲೇಟ್ ವಿಷ. ಒಬ್ಬೊಬ್ಬರಿಗೆ ಅರ್ಧರ್ಧ ಮುರಿದು ಕೊಡಿ. ಕಳೆದ ಸಲ ಲೆಕ್ಕ ತಪ್ಪಿ ಕೆಂಚ ರಾತ್ರಿ ಊಟಾನೇ ಮಾಡಲಿಲ್ಲ.